ಕಾಡಂಚಿನ ದಿನಸಿ ಅಂಗಡಿ ಮತ್ತು ಕಡದ ಪುಸ್ತಕ

ಹುಣಸೂರು ಸೀಮೆಯ ಒಕ್ಕಲು ಮನೆಗೆ ಒಂದು ಕಾಲದಲ್ಲಿ ಅಂಗಡಿಯಿಂದ ಆಗಬೇಕಾದ್ದು ಹೆಚ್ಚೇನೂ ಇರಲಿಲ್ಲ. ರಾಗಿ ಹೊಲದ್ದು. ಅವರೆ, ಹುಚ್ಚೆಳ್ಳು ಅದೇ ಹೊಲದ ಅಕ್ಕಡಿ ಸಾಲಿನವು. ಎಣ್ಣೆ ಗಾಣಿಗರ ಮನೆಯದು, ಮಡಕೆ ಕುಂಬಾರರದು, ಕುಡುಗೋಲು ಆಚಾರಿಯದು. ಇವರಿಗೆಲ್ಲ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯ ಅಳೆದು ಕೊಟ್ಟರೆ ವರ್ಷದ ಲೆಕ್ಕ ಚುಕ್ತಾ. ಆದರೆ ಉಪ್ಪನ್ನು ಮಾತ್ರ ಯಾವ ಹೊಲದಲ್ಲೂ ಬೆಳೆಯಲಾಗದು.

ಹಳ್ಳಿಯ ವ್ಯಾಪಾರದ ಚರಿತ್ರೆಯನ್ನು ಉಪ್ಪಿನಿಂದ ಆರಂಭಿಸುವುದೇ ಸರಿ. ಹಳೆಯ ಮೈಸೂರಿನಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿಗೆ ಹಾಕಿ, ತಿಳಿಯನ್ನು ಬಸಿದು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಕರಾವಳಿಯ ಉಪ್ಪು ಕೊರಮರ ಕತ್ತೆಗಳ ಮೇಲೆ, ಲಂಬಾಣಿಗರ ಎತ್ತುಗಳ ಬೆನ್ನ ಮೇಲೆ ಘಟ್ಟ ಹತ್ತಿ ಬರುತ್ತಿತ್ತು. ಹೇರು ಇಳಿಸಿದಲ್ಲಿ ರಾಗಿ ಕೊಟ್ಟು ಉಪ್ಪು ಪಡೆಯುವುದು ವಾಡಿಕೆ. ಉಪ್ಪಿನ ಹಿಂದೆಯೇ ಅಡಕೆ, ಹೊಗೆಸೊಪ್ಪು, ಬೆಲ್ಲ, ಕಬ್ಬಿಣ, ಬಟ್ಟೆ ಬಂದವು. ವಾರಕ್ಕೊಂದು ಸಂತೆ ಇವೆಲ್ಲಕ್ಕೂ ಸಾಕಾಗಿತ್ತು. ಸಂತೆಯಿಂದ ಸಂತೆಗೆ ನಡುವೆ ಉಳಿದ ಆರು ದಿನಗಳ ಕೊರತೆಯನ್ನು ತುಂಬಲು ಹುಟ್ಟಿದ್ದು ಊರೊಳಗಿನ ಅಂಗಡಿ.

ಅಂಗಡಿ ಎಂಬ ಪದ ಅಪ್ಪಟ ದ್ರಾವಿಡ. ತಮಿಳಿನ ಪ್ರಾಚೀನ ಕಾವ್ಯ ‘ಶಿಲಪ್ಪದಿಕಾರಂ’ ಹಗಲಂಗಡಿ, ಇರುಳಂಗಡಿಗಳ ಮಾತಾಡುತ್ತದೆ. ಹೊಯ್ಸಳರ ಮೂಲಸ್ಥಾನವೆನ್ನಲಾಗುವ ಮೂಡಿಗೆರೆ ತಾಲ್ಲೂಕಿನ ಸೊಸೆವೂರಿಗೆ ಇಂದಿನ ಹೆಸರು ಅಂಗಡಿ. ಶೆಟ್ಟಿ ಎಂಬುದು ಸಂಸ್ಕೃತದ ಶ್ರೇಷ್ಠಿಯಿಂದ ಇಳಿದು ಬಂದದ್ದು; ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಕೂಟದ ಕಾಲದಿಂದಲೂ ಶಾಸನಗಳಲ್ಲಿ ಸೆಟ್ಟಿಗಳು ತುಂಬಿಕೊಂಡಿದ್ದಾರೆ. ಮೈಸೂರು ಸೀಮೆಯಲ್ಲಂತೂ ಅಂಗಡಿ ಇಟ್ಟವನ ಜಾತಿ ಯಾವುದೇ ಇರಲಿ, ಅದು ‘ಶೆಟ್ಟರ ಅಂಗಡಿ’ಯೇ. ಇನ್ನು ದಿನಸಿ. ದಿನವೂ ಬೇಕಾದ್ದರಿಂದ ಅದು ದಿನಸಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಅರಬ್ಬಿಯ ‘ಜಿನ್ಸ್’, ಅಂದರೆ ಬಗೆ ಅಥವಾ ಸರಕು, ಕನ್ನಡದ ಬಾಯಲ್ಲಿ ಜಿನಸಾಗಿ ದಿನಸಿಯಾಯಿತು. ಉತ್ತರ ಕರ್ನಾಟಕದವರ ಕಿರಾಣಿ ಮರಾಠಿಯ ದಾರಿಯಲ್ಲಿ ಬಂದದ್ದು. ಒಂದೇ ಅಂಗಡಿಯ ಹೆಸರಿನಲ್ಲಿ ಇಷ್ಟೊಂದು ದೇಶದ ಧೂಳಿದೆ.

ರಸ್ತೆ ಮುಗಿಯುವಲ್ಲಿ

ಹುಣಸೂರಿನಿಂದ ನಾಗರಹೊಳೆಯ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆಯಲ್ಲಿ ಕಾಡು ಶುರುವಾಗುವ ಜಾಗ ವೀರನಹೊಸಹಳ್ಳಿ. ಅರಣ್ಯ ಇಲಾಖೆಯ ಒಂದು ವಲಯಕ್ಕೆ ಇದೇ ಹೆಸರು. ಮೈಸೂರು ದಸರಾ ಆನೆಗಳ ಗಜಪಯಣ ಇತ್ತೀಚಿನ ವರ್ಷಗಳಲ್ಲಿ ಇಲ್ಲಿಂದಲೇ ಹೊರಡುವುದರಿಂದ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಈ ಊರಿನ ಚಿತ್ರ ಬರುತ್ತದೆ. (ಆನೆಗೂ ದಿನಸಿ ತಪ್ಪಿದ್ದಲ್ಲ. ಶಿಬಿರದಲ್ಲಿ ರಾಗಿ ಮುದ್ದೆ, ಹುರುಳಿ, ಬೆಲ್ಲ. ದಸರಾಕ್ಕೆ ಬಂದ ಮೇಲೆ ಉದ್ದು, ಗೋಧಿ, ಕುಸುಬಲಕ್ಕಿ, ಬೆಣ್ಣೆ.) ಉಳಿದ ದಿನಗಳಲ್ಲಿ ಇದು ತಪಾಸಣಾ ಗೇಟಿನ ಊರು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಕಾಡಿನೊಳಗೆ ಅಂಗಡಿ ಮುಂಗಟ್ಟು ಇರುವಂತಿಲ್ಲ. ಆದ್ದರಿಂದ ಇಂಥ ಕಡೆ ಇರುವ ಅಂಗಡಿ ಬರೀ ಓಣಿಯ ಅಂಗಡಿಯಲ್ಲ, ಒಂದು ಸೀಮೆಯ ಕೊನೆಯ ಅಂಗಡಿ. ಬೆಂಕಿಪೊಟ್ಟಣ ಮರೆತವನಿಗೆ ಮುಂದೆ ಬೇರೆ ದಾರಿಯಿಲ್ಲ.

ಈ ಅಂಗಡಿಗಳ ಬೇರು ಇರುವುದು ಹುಣಸೂರಿನಲ್ಲಿ. ಮೈಸೂರು–ಮಡಿಕೇರಿ ಹೆದ್ದಾರಿಯ ಮೇಲಿರುವ ಈ ಪಟ್ಟಣ ಹತ್ತೊಂಬತ್ತನೇ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆ, ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆಗಳಿಂದ ಬೆಳೆಯಿತು. ಕೊಡಗಿನ ಕಾಫಿ ಈ ದಾರಿಯಲ್ಲೇ ಕೆಳಗಿಳಿಯುತ್ತಿತ್ತು. ರೈಲು ಇಲ್ಲಿಗೆ ಬರಲೇ ಇಲ್ಲ. ಅದು ಕೃಷ್ಣರಾಜನಗರದ ಕಡೆಯಿಂದ ಅರಸೀಕೆರೆಗೆ ಹೋಯಿತು. ಹಾಗಾಗಿ ಮೈಸೂರಿನ ಸಂತೆಪೇಟೆಯ ಮಂಡಿಗಳಿಂದ ಸಾಮಾನು ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಹುಣಸೂರಿಗೆ, ಅಲ್ಲಿಂದ ಬಸ್ಸಿನ ಟಾಪಿನ ಮೇಲೆ ಹಳ್ಳಿಗೆ ಬರುತ್ತಿತ್ತು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಳ್ಳಿಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಹಳೆಯ ಅಂಗಡಿಯೆಂದರೆ ಮನೆಯ ಮುಂದಿನ ಜಗಲಿ. ಬಾಗಿಲಿಗೆ ಅಂಕಿ ಬರೆದ ಹಲಗೆಗಳು. ಬೆಳಿಗ್ಗೆ ಒಂದೊಂದಾಗಿ ತೆಗೆದು, ರಾತ್ರಿ ಅದೇ ವರಸೆಯಲ್ಲಿ ಜೋಡಿಸಬೇಕು. ಒಳಗೆ ಸೀಮೆಎಣ್ಣೆಯ ಖಾಲಿ ಡಬ್ಬಗಳಲ್ಲಿ ಬೇಳೆ, ಗೋಣಿಚೀಲದ ಬಾಯಿ ಮಡಿಸಿ ಇಟ್ಟ ಅಕ್ಕಿ, ಮೂಲೆಯಲ್ಲಿ ಕಲ್ಲುಪ್ಪಿನ ಮೂಟೆ, ಮೇಲಿಂದ ಇಳಿಬಿದ್ದ ತಕ್ಕಡಿ ಮತ್ತು ದಾರದ ಉಂಡೆ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸಕ್ಕರೆ ಸುರಿದು, ನಾಲ್ಕು ಮಡಿಕೆಗೆ ಪೊಟ್ಟಣ ಮಾಡಿ, ದಾರ ಸುತ್ತಿ ಪಟ್ಟೆಂದು ಹರಿಯುವುದು ಕಲಿತವರಿಗೆ ಮಾತ್ರ ಬರುವ ಕೆಲಸ. ಹಳ್ಳಿಯ ಎಷ್ಟೋ ಮಂದಿ ಪತ್ರಿಕೆ ಓದಿದ್ದು ಪೊಟ್ಟಣ ಬಿಚ್ಚಿದ ಮೇಲೆಯೇ.

ಕೊಳ್ಳುವವರು ಹೊರಗೆ, ಸಾಮಾನು ಒಳಗೆ. ಈ ಏರ್ಪಾಟಿಗೆ ಕಳ್ಳತನದ ಭಯವೊಂದೇ ಕಾರಣವಾಗಿರಲಿಲ್ಲ. ಜಗಲಿಯ ಯಾವ ಮೆಟ್ಟಿಲವರೆಗೆ ಯಾರು ಬರಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ದಲಿತರು ಬೀದಿಯಲ್ಲೇ ನಿಂತು ಕೂಗಿ ಕೇಳಬೇಕು, ಕಾಸನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯಬೇಕು, ಪೊಟ್ಟಣವನ್ನು ಮೇಲಿಂದ ಹಾಕಿದಾಗ ಸೆರಗೊಡ್ಡಿ ಹಿಡಿಯಬೇಕು. ಸಂವಿಧಾನ ರಚಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 15ನೇ ವಿಧಿಯ ಎರಡನೇ ಖಂಡದಲ್ಲಿ ಬಾವಿ, ಕೆರೆ, ರಸ್ತೆ, ಹೋಟೆಲುಗಳ ಜೊತೆ ಅಂಗಡಿಯನ್ನೂ ಹೆಸರಿಸಿಯೇ ಹೇಳಲಾಗಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂಗಡಿಗೆ ಪ್ರವೇಶ ನಿರಾಕರಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಎಂದು ಕರೆಯಲಾಯಿತು. ದಿನಸಿ ಅಂಗಡಿಯ ಚರಿತ್ರೆ ಹೇಳುವಾಗ ಕೊಸರು, ಪೆಪ್ಪರಮಿಂಟುಗಳ ಸವಿನೆನಪು ಮಾತ್ರ ಹೇಳಿ ಇದನ್ನು ಬಿಟ್ಟುಬಿಡುವವರು ಬಹಳ. ಆ ನೆನಪು ಯಾರದು ಎಂದು ಕೇಳಬೇಕಾಗುತ್ತದೆ.

ಸೇರು ಹೋಗಿ ಕಿಲೋ

ಕೊಸರು ಎಂದರೆ ಗೊತ್ತಲ್ಲ. ತೂಕ ಮುಗಿದ ಮೇಲೆ ಮೇಲಿಂದ ಹಾಕುವ ಒಂದು ಚಿಟಿಕೆ. ಮಕ್ಕಳು ಬಂದರೆ ಕೈಗೊಂದು ಬೆಲ್ಲದ ಚೂರು ಅಥವಾ ನಾಲ್ಕು ಹುರಿಗಡಲೆ. ಅಂಗಡಿಯವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ಯಾವ ಅಂಗಡಿಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗುವಾಗ ಆ ಬೆಲ್ಲದ ಚೂರು ಕೆಲಸ ಮಾಡುತ್ತಿತ್ತು. ಧಾನ್ಯ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿ ದಕ್ಷಿಣದ ಉದ್ದಕ್ಕೂ ಇತ್ತು. ಲಾಭ ಯಾರಿಗೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಹಳೆಯ ಮೈಸೂರಿನ ಅಳತೆಗಳನ್ನು ಈಗ ವಿವರಿಸುವುದೇ ಕಷ್ಟ. ತೂಕದ ಕಚ್ಚಾ ಸೇರು 24 ತೊಲ, ಅಂದರೆ ಇಂದಿನ ಸುಮಾರು 280 ಗ್ರಾಂ. ಇಂಥ 40 ಸೇರಿಗೆ ಒಂದು ಮಣ, ಹನ್ನೊಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಬ್ರಿಟಿಷರು ಕ್ರಮಗೊಳಿಸಿದ ಸೇರು 80 ತೊಲದ್ದು, 933 ಗ್ರಾಂ. ಅದರ ಮಣ 37 ಕಿಲೋಗೂ ಮೇಲೆ. ಹೆಸರೊಂದೇ, ತೂಕ ಮೂರು ಪಟ್ಟು ಬೇರೆ. ಇದರ ಜೊತೆ ಅಳೆಯುವ ಸೇರು, ಅಚ್ಚೇರು, ಪಾವು, ಚಟಾಕು, ಬಳ್ಳ, ಕೊಳಗ, ಖಂಡುಗ. ಒಂದೂರಿನ ಕೊಳಗ ಮತ್ತೊಂದೂರಿನದಕ್ಕೆ ಸಮವಲ್ಲ. ಇಂಥ ಗೋಜಲಿನಲ್ಲಿ ತಿಳಿದವನಿಗೆ ಲಾಭ, ತಿಳಿಯದವನಿಗೆ ನಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳ್ಳುವಾಗ ದೊಡ್ಡ ಸೇರು, ಮಾರುವಾಗ ಸಣ್ಣ ಸೇರು ಎಂಬ ದೂರು ಸಾಹುಕಾರರ ಮೇಲೆ ಎಲ್ಲೆಡೆಯೂ ಇತ್ತು.

1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂತು. 1957ರ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆ, 192 ಕಾಸು ಎಂಬ ಲೆಕ್ಕ ಹೋಗಿ 100 ನಯಾಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಬಟ್ಟುಗಳು ಹಂತಹಂತವಾಗಿ ಜಾರಿಯಾಗಿ, 1962ರ ಹೊತ್ತಿಗೆ ಕಡ್ಡಾಯವಾದವು. ಐದು ವರ್ಷಗಳಲ್ಲಿ ದುಡ್ಡೂ ಬದಲು, ತೂಕವೂ ಬದಲು. ಆಣೆಗೆ ಆರೂಕಾಲು ಪೈಸೆ. ಎರಡಾಣೆಗೆ ಹನ್ನೆರಡೂವರೆ. ಆ ಅರ್ಧ ಪೈಸೆ ಯಾರ ಪಾಲಿಗೆ ಎಂಬುದರ ಮೇಲೆ ದೇಶದ ಅಂಗಡಿಗಳಲ್ಲೆಲ್ಲ ಜಗಳವಾಗಿರಬೇಕು. ಬಟ್ಟುಗಳಿಗೆ ಇಲಾಖೆಯ ಮುದ್ರೆ ಹಾಕಿಸುವ ಪದ್ಧತಿ ಬಿಗಿಯಾಯಿತು. ಹಾಗೆಂದು ಜನರ ಬಾಯಿ ಕಾಯಿದೆಗೆ ಬಗ್ಗಲಿಲ್ಲ. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದಲೇ ಹೋಯಿತು. ‘ನಾಲ್ಕಾಣೆ’ ಎಂಬ ಮಾತು ಇನ್ನೂ ಹೋಗಿಲ್ಲ. ಹಳ್ಳಿಯಲ್ಲಿ ರಾಗಿಯನ್ನು ಸೇರಿನಲ್ಲೇ ಹೇಳುವವರು ಈಗಲೂ ಸಿಗುತ್ತಾರೆ.

ಅದೇ ಅರ್ಧ ಶತಮಾನದಲ್ಲಿ ಅಂಗಡಿಯ ಒಳಗಿನ ಸಾಮಾನೂ ಬದಲಾಯಿತು. ಸೀಮೆಎಣ್ಣೆ ಬಂದು ಹರಳೆಣ್ಣೆಯ ದೀಪ ಆರಿತು. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿನ ಪಕ್ಕದಲ್ಲಿ ಸೋಪು ಕೂತಿತು: ಸನ್‌ಲೈಟ್, ಲೈಫ್‌ಬಾಯ್, ಮೊದಲನೇ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಸ್ವಂತ ಗಂಧದ ಸೋಪು. 1937ರಲ್ಲಿ ಡಾಲ್ಡಾ ಬಂತು. ಕಾಫಿಯ ಸೀಮೆಗೆ ಹತ್ತಿರವಿದ್ದರೂ ಚಹಾಪುಡಿ ತನ್ನ ಜಾಗ ಮಾಡಿಕೊಂಡಿತು. ಉಪ್ಪೊಂದಕ್ಕಾಗಿ ಹುಟ್ಟಿದ ಅಂಗಡಿಯಲ್ಲಿ ಮನೆಯಲ್ಲಿ ಮಾಡಿಕೊಳ್ಳಲಾಗದ ವಸ್ತುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಅವನ್ನೆಲ್ಲ ಕೊಳ್ಳಲು ದುಡ್ಡು ಬೇಕು. ದುಡ್ಡು ವರ್ಷಕ್ಕೊಮ್ಮೆ ಬರುವುದು.

ಬರೆದುಕೊಳ್ಳಣ್ಣ

ಇಲ್ಲಿಂದ ಕಥೆ ಕಡದ ಪುಸ್ತಕಕ್ಕೆ ಬರುತ್ತದೆ. ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡು ಇಲ್ಲದ ದಿನಸಿ ಅಂಗಡಿ ಕಾಣುವುದು ಅಪರೂಪ. ಆ ಬೋರ್ಡಿನ ಮಾತನ್ನು ಪಾಲಿಸಿದ ಅಂಗಡಿ ಹಳ್ಳಿಯಲ್ಲಿ ಉಳಿಯುವುದು ಇನ್ನೂ ಅಪರೂಪ. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಒಂದೊಂದು ಮನೆಗೆ ಒಂದೊಂದು ಹಾಳೆ. ಸಾಮಾನು ಕಟ್ಟಿಸಿಕೊಂಡ ಮೇಲೆ ‘ಬರ್ಕೊಳ್ಳಣ್ಣ’ ಎಂದು ಹೇಳಿ ಹೊರಟರೆ ವ್ಯವಹಾರ ಮುಗಿಯಿತು. ಸಹಿಯಿಲ್ಲ, ಸಾಕ್ಷಿಯಿಲ್ಲ, ಅಡಮಾನವಿಲ್ಲ. ಆಯುಧಪೂಜೆಗೆ ತಕ್ಕಡಿ–ಬಟ್ಟುಗಳಿಗೆ ಕುಂಕುಮ ಹಚ್ಚುವಾಗ ಈ ಪುಸ್ತಕಕ್ಕೂ ಹೂವು ಬೀಳುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಪುಸ್ತಕದ ಗತಿಯನ್ನು ನಿರ್ಧರಿಸಿದ್ದು ಹೊಗೆಸೊಪ್ಪು. ಇದು ಎಲೆಯಡಕೆಯ ಜೊತೆ ಜಗಿಯುವ ನಾಟಿ ಸೊಪ್ಪಲ್ಲ, ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಮಳೆಯಾಶ್ರಿತ ಕೆಂಪು ಭೂಮಿಯಲ್ಲಿ ರಾಗಿಗಿಂತ ಹೆಚ್ಚು ದುಡ್ಡು ತರುವ ಬೆಳೆ ಇದೊಂದೇ ಎಂಬಂತಾಗಿ ಊರೂರಿನಲ್ಲೂ ಬ್ಯಾರನ್‌ಗಳು ಎದ್ದವು. 1976ರಲ್ಲಿ ತಂಬಾಕು ಮಂಡಳಿ ಕಾರ್ಯಾರಂಭ ಮಾಡಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿ ಶುರುವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹರಾಜು ಮಾರುಕಟ್ಟೆಗಳ ಹೆಸರು ಆ ಸೀಮೆಯ ಮಕ್ಕಳಿಗೂ ಬಾಯಿಪಾಠ.

ಈ ಬೆಳೆಯ ವರ್ಷವನ್ನು ಅಂಗಡಿಯ ಕಟ್ಟೆಯಿಂದ ನೋಡಿದರೆ ಹೀಗೆ ಕಾಣುತ್ತದೆ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಮಳೆ ಬಿದ್ದೊಡನೆ ನಾಟಿ. ಆಗ ಗೊಬ್ಬರಕ್ಕೆ, ಆಳಿಗೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಆಷಾಢ, ಶ್ರಾವಣದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ, ಹಗಲೂರಾತ್ರಿ ಸೌದೆ ಒಟ್ಟಿ ಹದ ಮಾಡಬೇಕು. ಮನೆಯಲ್ಲಿ ಆಳುಕಾಳಿಗೆ ಕಾಫಿ, ತಿಂಡಿ, ಊಟ. ಅಂಗಡಿಯ ಲೆಕ್ಕ ಏರುವುದೇ ಆಗ. ಹರಾಜು ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ. ಬೇಲ್ ಕೊಟ್ಟು, ದುಡ್ಡು ಬ್ಯಾಂಕಿಗೆ ಬಿದ್ದು, ಬ್ಯಾಂಕಿನವರು ತಮ್ಮ ಸಾಲ ಮುರಿದುಕೊಂಡ ಮೇಲೆ ಉಳಿದದ್ದರಲ್ಲಿ ಅಂಗಡಿಯ ಬಾಕಿ. ಅಂದರೆ ಯುಗಾದಿಯ ಬೇಳೆಗೆ ದೀಪಾವಳಿಯಲ್ಲೋ ಸಂಕ್ರಾಂತಿಯಲ್ಲೋ ಹಣ. ಎಂಟು ತಿಂಗಳು ಒಂದು ಊರಿಗೆ ಊಟ ಹಾಕುವ ಸಾಲವನ್ನು ಕೊಟ್ಟವನು ಬ್ಯಾಂಕಿನವನಲ್ಲ, ಜಗಲಿಯ ಮೇಲೆ ಕೂತ ಅಂಗಡಿಯವನು.

ಅವನು ಪುಣ್ಯಕ್ಕೆ ಕೊಡುತ್ತಿದ್ದನೇ? ಖಂಡಿತ ಇಲ್ಲ. ಕಡಕ್ಕೆ ಬಡ್ಡಿಯಿಲ್ಲ ಎನ್ನುವುದು ಮಾತಿಗೆ ಮಾತ್ರ. ನಗದಿಗೆ ಒಂದು ದರ, ಬರೆಸಿಕೊಂಡರೆ ಒಂದು ದರ. ಬಡ್ಡಿ ಬೇಳೆಯೊಳಗೇ ಬೆರೆತಿರುತ್ತದೆ. ಕಡ ಇರುವವರು ಬೇರೆ ಅಂಗಡಿಗೆ ಹೋಗುವಂತಿಲ್ಲ, ಕಲ್ಲು ಹೆಚ್ಚಿರುವ ಅಕ್ಕಿಯ ಬಗ್ಗೆ ದನಿಯೆತ್ತುವಂತಿಲ್ಲ. ಓದು ಬಾರದವರ ಹಾಳೆಯಲ್ಲಿ ಏನು ಬರೆದಿದೆ ಎಂಬುದು ಬರೆದವನಿಗೇ ಗೊತ್ತು. ಆದರೆ ಪುಸ್ತಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಂಗಡಿಯವನೂ ಸಂತೆಪೇಟೆಯ ಮಂಡಿಯಲ್ಲಿ ಸಾಲಗಾರನೇ. ಹರಾಜಿನಲ್ಲಿ ದರ ಬಿದ್ದ ವರ್ಷ ಊರಿಗೂರೇ ‘ಮುಂದಿನ ವರ್ಷ ನೋಡೋಣ ಶೆಟ್ಟರೇ’ ಎಂದರೆ ಅವನು ಮಂಡಿಯವನಿಗೆ ಹಾಗೆನ್ನಲು ಬರುವುದಿಲ್ಲ. ಗಟ್ಟಿಯಾಗಿ ವಸೂಲಿಗೆ ಹೋದರೆ ಗಿರಾಕಿ ಬಾಕಿಯನ್ನು ಅಲ್ಲೇ ಬಿಟ್ಟು ಪಕ್ಕದ ಬೀದಿಯ ಅಂಗಡಿಯಲ್ಲಿ ಹೊಸ ಹಾಳೆ ತೆರೆಯುತ್ತಾನೆ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿರುವ ವ್ಯವಹಾರ ಇದು. ಯಾರ ಹಿಡಿತ ಬಿಗಿ ಎಂಬುದು ಆ ವರ್ಷದ ಮಳೆಯನ್ನೂ ದರವನ್ನೂ ಅವಲಂಬಿಸಿದ್ದು.

ಇದರ ನಡುವೆ ಹೆಂಗಸರ ಪ್ರತ್ಯೇಕ ಲೆಕ್ಕವೊಂದು ನಡೆಯುತ್ತಿತ್ತು. ಹರಾಜಿನ ದುಡ್ಡು ಗಂಡಸಿನ ಕೈಗೆ. ಮನೆಯ ಉಪ್ಪು–ಎಣ್ಣೆಯ ಚಿಂತೆ ಹೆಂಗಸಿಗೆ. ಮಡಿಲಲ್ಲಿ ಅವರೆಯನ್ನೋ ಹುರುಳಿಯನ್ನೋ ಕಟ್ಟಿಕೊಂಡು, ಕೋಳಿಮೊಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದು, ಅಳೆದು ಕೊಟ್ಟು, ತಲೆಗೆಣ್ಣೆ, ಬಳೆ, ಮಗುವಿಗೆ ಬಿಸ್ಕತ್ತು ಒಯ್ಯುವುದು ಪುಸ್ತಕಕ್ಕೆ ಹತ್ತದ ವ್ಯಾಪಾರ. ಅಳತೆಯಲ್ಲಿ ಮೋಸವಾದರೂ ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ. ಅದು ಅಂಗಡಿಯವನಿಗೂ ತಿಳಿದಿರುತ್ತಿತ್ತು. 2000–01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದು ಹಳ್ಳಿಗಳಲ್ಲಿ ಹೆಂಗಸರ ಉಳಿತಾಯದ ಸಂಘಗಳು ಹರಡಿದ ಮೇಲೆ ಈ ಮಡಿಲಿನ ವ್ಯಾಪಾರಕ್ಕೊಂದು ಬದಲಿ ದಾರಿ ಸಿಕ್ಕಿತೆನ್ನಬಹುದು.

ಸಾಲದ ವಿಷಯದಲ್ಲಿ ಹುಣಸೂರಿನ ಹೆಸರು ರಾಜ್ಯದ ಚರಿತ್ರೆಯಲ್ಲೇ ಸೇರಿದೆ. ಈ ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂದ 1976ರ ಋಣಪರಿಹಾರ ಕಾಯಿದೆ ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿ ಲೇವಾದೇವಿದಾರರಿಗೆ ಕೊಡಬೇಕಿದ್ದ ಹಳೆಯ ಸಾಲವನ್ನು ತೀರಿದಂತೆಯೇ ಎಂದು ಸಾರಿತು. ಅಡವಿಟ್ಟ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕಾಯಿತು. ಜೀತಮುಕ್ತಿಯೂ ಅದೇ ಕಾಲದ್ದು. ತಲೆಮಾರುಗಳಿಂದ ಸಾಲದಲ್ಲಿ ಮುಳುಗಿದ್ದ ಮನೆಗಳಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಇಂದು ಊಹಿಸುವುದು ಸುಲಭವಲ್ಲ. ಆದರೆ ಸಾಲ ಕೊಡುವವರು ಕೈ ಬಿಗಿ ಮಾಡಿದರೆ ಮುಂದಿನ ತಿಂಗಳ ಅಕ್ಕಿ ಎಲ್ಲಿಂದ ಎಂಬ ಪ್ರಶ್ನೆಯೂ ಅಂದೇ ಎದ್ದಿತು. 1969ರಲ್ಲಿ ರಾಷ್ಟ್ರೀಕರಣವಾದ ಬ್ಯಾಂಕುಗಳು ಬಾವಿಗೆ, ಗೊಬ್ಬರಕ್ಕೆ, ಎಮ್ಮೆಗೆ ಸಾಲ ಕೊಡಲು ಕಲಿತಿದ್ದವು. ಅರ್ಧ ಕಿಲೋ ತೊಗರಿಬೇಳೆಗೆ ಸಾಲ ಕೊಡುವ ಬ್ಯಾಂಕು ಅಂದೂ ಇರಲಿಲ್ಲ, ಇಂದೂ ಇಲ್ಲ.

ಸರ್ಕಾರದ ಅಂಗಡಿ

ಆ ಬೇಳೆಯ ಪಕ್ಕದಲ್ಲಿರುವ ಅಕ್ಕಿಯ ಜವಾಬ್ದಾರಿಯನ್ನು ಮಾತ್ರ ಸರ್ಕಾರ ಮೆಲ್ಲಮೆಲ್ಲನೆ ವಹಿಸಿಕೊಂಡಿತು. ಎರಡನೇ ಮಹಾಯುದ್ಧದ ಕ್ಷಾಮದ ದಿನಗಳ ರೇಷನ್, 1954ರ ವೇಳೆಗೆ ತೆರವಾದ ನಿಯಂತ್ರಣ, 1965ರಲ್ಲಿ ಭಾರತೀಯ ಆಹಾರ ನಿಗಮ, ಊರೂರಿಗೆ ನ್ಯಾಯಬೆಲೆ ಅಂಗಡಿ. ರಾಮಕೃಷ್ಣ ಹೆಗಡೆ ಸರ್ಕಾರ 1985ರಲ್ಲಿ ತಂದ ಹಸಿರು ಕಾರ್ಡು ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟು ಮುದ್ದೆಯ ಸೀಮೆಗೂ ಅನ್ನದ ರುಚಿ ಹತ್ತಿಸಿತು. 2013ರಲ್ಲಿ ಅನ್ನಭಾಗ್ಯ ಬಂತು. ಸಹಕಾರದ ಪ್ರಯತ್ನಗಳೂ ಬೇರೆ ನಡೆದವು. 1904ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿದ ಬಳಕೆದಾರರ ಸಹಕಾರ ಸಂಘದ ಮಾದರಿ 1960ರ ದಶಕದಲ್ಲಿ ಜನತಾ ಬಜಾರುಗಳಾಗಿ ಪಟ್ಟಣಗಳಿಗೆ ಬಂತು. ಹಳ್ಳಿಯವರೆಗೆ ಅದು ಇಳಿಯಲಿಲ್ಲ.

ಇಳಿದದ್ದು ಹಾಡಿಗಳಿಗಾಗಿ ಮಾಡಿದ ಇನ್ನೊಂದು ಏರ್ಪಾಟು. ನಾಗರಹೊಳೆಯ ಕಾಡಿನ ಜೇನುಕುರುಬರು, ಬೆಟ್ಟಕುರುಬರು, ಯರವರು ಜೇನು, ಮೇಣ, ಸೀಗೆಕಾಯಿ, ಅಂಟುವಾಳ ತಂದು ಅಂಚಿನ ಊರಿನ ವ್ಯಾಪಾರಿಗೆ ಕೊಟ್ಟು ಉಪ್ಪು, ಹೊಗೆಸೊಪ್ಪು, ಬಟ್ಟೆ ಒಯ್ಯುತ್ತಿದ್ದರು. ಮುಂಗಡವಾಗಿ ಹೊಗೆಸೊಪ್ಪು ಕೊಟ್ಟು, ಮುಂದಿನ ಜೇನನ್ನು ಹಿಡಿದಿಡುವ ಈ ವ್ಯಾಪಾರದಲ್ಲಿ ಸೋಲುವವರು ಯಾರೆಂಬುದು ಮೊದಲೇ ನಿಶ್ಚಿತ. ಇದನ್ನು ತಪ್ಪಿಸಲೆಂದೇ 1970ರ ದಶಕದಿಂದೀಚೆಗೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು, ಜನರ ಬಾಯಲ್ಲಿ ‘ಲ್ಯಾಂಪ್ಸ್’, ರಚನೆಯಾದವು. ಹುಣಸೂರಿನಲ್ಲೂ ಒಂದು ಬಂತು. ಕಿರು ಅರಣ್ಯ ಉತ್ಪನ್ನವನ್ನು ನ್ಯಾಯದ ದರಕ್ಕೆ ಕೊಳ್ಳುವುದು, ದಿನಸಿಯನ್ನು ನ್ಯಾಯದ ದರಕ್ಕೆ ಕೊಡುವುದು ಇವುಗಳ ಉದ್ದೇಶ.

ಆಲೋಚನೆ ಒಳ್ಳೆಯದೇ. ಆದರೆ 1955ರಲ್ಲಿ ವನ್ಯಧಾಮವಾಗಿದ್ದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನ ಉತ್ಪನ್ನದ ಸಂಗ್ರಹವೇ ನಿರ್ಬಂಧಕ್ಕೆ ಒಳಗಾದ ಮೇಲೆ ಕೊಳ್ಳಲು ಬರುವವರ ಕೈಯಲ್ಲಿ ಕೊಡಲು ಏನಿದೆ? ಕಾಡಿನಿಂದ ಹೊರಬಂದ ಎಷ್ಟೋ ಕುಟುಂಬಗಳು ವೀರನಹೊಸಹಳ್ಳಿಗೆ ಸಮೀಪದ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿವೆ. ಕೊಡಗಿನ ಕಾಫಿ ತೋಟಗಳ ಕೂಲಿಯೇ ಹಲವರಿಗೆ ಆಧಾರ. ಗೆಡ್ಡೆ, ಸೊಪ್ಪು, ಜೇನು, ಅಣಬೆ ಕಾಡಿನಲ್ಲಿ ಬೆಲೆಯಿಲ್ಲದೆ ಸಿಗುತ್ತಿದ್ದವು. ಅಂಗಡಿಯಲ್ಲಿ ಬಾಳೆಹಣ್ಣಿಗೂ ಬೆಲೆ. ಉಪ್ಪಿಗೆ ಮಾತ್ರ ಅಂಗಡಿಗೆ ಬರುತ್ತಿದ್ದವರು ಎಲ್ಲಕ್ಕೂ ಅಂಗಡಿಗೆ ಬರುವಂತಾಗಲು ಒಕ್ಕಲು ಮನೆಗಳಿಗೆ ನೂರು ವರ್ಷ ಹಿಡಿಯಿತು. ಹಾಡಿಯವರಿಗೆ ಒಂದೇ ತಲೆಮಾರು ಸಿಕ್ಕಿತು.

ಒಳಗೆ ಬಂದ ಗಿರಾಕಿ

1916ರ ಸೆಪ್ಟೆಂಬರ್ 6ರಂದು ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ದಿನಸಿ ಅಂಗಡಿ ತೆರೆದ. ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ಹೋಗಿ, ಬೇಕಾದ್ದನ್ನು ಎತ್ತಿಕೊಂಡು, ಹೊರಡುವಾಗ ದುಡ್ಡು ಕೊಡಬೇಕು. ಆಳಿನ ಖರ್ಚು ಉಳಿಯಿತು. ಇಂದಿನ ಸೂಪರ್ ಮಾರ್ಕೆಟ್ಟುಗಳೆಲ್ಲ ಅದರ ಸಂತಾನ. ಬೆಂಗಳೂರಿನಲ್ಲಿ ಬ್ರಿಗೇಡ್ ರಸ್ತೆಯ ನೀಲ್‌ಗಿರೀಸ್ ಈ ಪದ್ಧತಿಯನ್ನು ಬಹಳ ಮೊದಲೇ ಪರಿಚಯಿಸಿತು. 1990ರ ದಶಕದ ನಂತರ ಸರಣಿ ಮಳಿಗೆಗಳು ಬಂದವು. ಈಗ ತಾಲ್ಲೂಕು ಕೇಂದ್ರಗಳಲ್ಲೂ ಗಾಜಿನ ಬಾಗಿಲಿನ ಮಾರ್ಟುಗಳಿವೆ. ಜಗಲಿಯ ಮೆಟ್ಟಿಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬುಟ್ಟಿ ಹಿಡಿದವರೆಲ್ಲ ಒಳಗೆ. ‘ಬರ್ಕೊಳ್ಳಣ್ಣ’ ಎನ್ನುವುದೂ ನಡೆಯುವುದಿಲ್ಲ.

ಹಳ್ಳಿಯ ಅಂಗಡಿಯನ್ನು ಮಾರ್ಟಿಗಿಂತ ಮೊದಲು ಬದಲಿಸಿದ್ದು ಪೊಟ್ಟಣ. 1980ರ ದಶಕದಲ್ಲಿ ಚಿಕ್ ಶಾಂಪೂ ಮುಂತಾದವು ಪುಟ್ಟ ಸ್ಯಾಷೆಗಳಲ್ಲಿ ಬಂದು ಬಾಗಿಲಿಗೆ ತೋರಣವಾದವು. ಬಾಟಲಿ ಕೊಳ್ಳಲಾಗದವರಿಗೆ ಒಂದು ಸ್ನಾನದಷ್ಟು ಶಾಂಪೂ. ಆಮೇಲೆ ಗುಟ್ಕಾದ ಸರಗಳು ಅದೇ ಮೊಳೆಗೆ ಬಿದ್ದವು. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. 1977ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ತೂಕ, ಬೆಲೆ ಮುದ್ರಿಸಲೇಬೇಕಾಯಿತು. 1990ರಲ್ಲಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬ���ಲೆ ಬಂತು. ಕೊಳ್ಳುವವರಿಗೆ ಇದು ದೊಡ್ಡ ಬಲ. ಅಂಗಡಿಯವನಿಗೆ ಮಾತ್ರ ಕಡದ ಬಡ್ಡಿಯನ್ನು ಬೇಳೆಯಲ್ಲಿ ಬೆರೆಸಿದಂತೆ ಬಿಸ್ಕತ್ತಿನಲ್ಲಿ ಬೆರೆಸಲು ಬಾರದಾಯಿತು. ಪೊಟ್ಟಣದ ಸಾಮಾನು ಹೆಚ್ಚಿದಷ್ಟೂ ಸಾಲ ಕೊಡುವ ಶಕ್ತಿ ಇಳಿಯಿತು. ಪತ್ರಿಕೆಯ ಪೊಟ್ಟಣ ಹೋಗಿ ಪ್ಲಾಸ್ಟಿಕ್ ಚೀಲ ಬಂದು, 2016ರಲ್ಲಿ ರಾಜ್ಯ ಅದನ್ನು ನಿಷೇಧಿಸಿದ ಮೇಲೂ ಚೀಲ ಪೂರ್ತಿ ಹೋಗಲಿಲ್ಲ.

ಅದೇ 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. ಅದು ಹರಾಜಿನ ಕಾಲ. ಕೈಯಲ್ಲಿ ನಗದಿಲ್ಲದ ಆ ವಾರಗಳಲ್ಲಿ ಹಳ್ಳಿಗಳು ಉಂಡದ್ದು ಕಡದ ಪುಸ್ತಕದ ಬಲದಿಂದ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಬಸ್ಸು, ಸಂತೆ ನಿಂತಾಗಲೂ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು, ಮುಖ ನೋಡಿ ಸಾಮಾನು ಕೊಟ್ಟದ್ದು ಇದೇ ಅಂಗಡಿ. ಮಾರ್ಟಿನ ಬೆಲೆ ಕಡಿಮೆ ಎಂದು ಹಬ್ಬದ ಸಾಮಾನನ್ನು ಹುಣಸೂರಿನಿಂದ ತರುವ ಮನೆಯೂ ತಿಂಗಳ ಕೊನೆಯ ವಾರಕ್ಕೆ ಊರಿನ ಅಂಗಡಿಯನ್ನೇ ನೆಚ್ಚಿಕೊಂಡಿರುತ್ತದೆ. ಅಂಗಡಿಯವನಿಗೆ ಇದು ಗೌರವವೇನಲ್ಲ. ನಗದು ಪಟ್ಟಣಕ್ಕೆ, ಕಡ ತನಗೆ ಎಂಬ ಲೆಕ್ಕ ಅವನನ್ನು ಸವೆಸುತ್ತಿದೆ. ಮಕ್ಕಳು ಓದಿ ಮೈಸೂರು, ಬೆಂಗಳೂರು ಸೇರಿದ ಮೇಲೆ ಜಗಲಿಯ ಮೇಲೆ ಕೂರುವವರಾರು ಎಂಬುದು ಬೇರೆ ಪ್ರಶ್ನೆ.

ಗಲ್ಲಾಪೆಟ್ಟಿಗೆಯ ಮುಂದೆ ಈಗ ಯುಪಿಐ ಚೌಕದ ಹಾಳೆ ಅಂಟಿಸಿದೆ. ದುಡ್ಡು ಬಂದರೆ ಡಬ್ಬವೊಂದು ಗಟ್ಟಿಯಾಗಿ ಮೊತ್ತ ಕೂಗುತ್ತದೆ. ತೂಕಕ್ಕೆ ವಿದ್ಯುನ್ಮಾನ ತಕ್ಕಡಿ; ಮುಳ್ಳಿಲ್ಲದ ಅದರಲ್ಲಿ ಕೊಸರು ಹಾಕಿದರೆ ಅದಕ್ಕೂ ಗ್ರಾಂ ತೋರಿಸುತ್ತದೆ. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಹೋಗುವುದು ಬರುವುದು ಇದ್ದದ್ದೇ. ಹೋದಾಗ ಅಂಗಡಿಯವನು ಹಲಗೆಯ ಕೆಳಗಿನಿಂದ ಪುಸ್ತಕ ಎಳೆದು, ಆ ಮನೆಯ ಹಾಳೆ ತಿರುವಿ, ತಾರೀಕು ಹಾಕಿ ಬರೆದುಕೊಳ್ಳುತ್ತಾನೆ.